ಬಾಂಗ್ಲಾದೇಶಕ್ಕೆ ಮಾನ್ಯತೆ: ಯುದ್ಧ ಮುಗಿದ ಮೇಲೂ ಮುಗಿಯದ ದುಡಿಮೆ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಡಿಸೆಂಬರ್ 16ರ ಆಸುಪಾಸಿನಲ್ಲಿ ನಮ್ಮ ಪತ್ರಿಕೆಗಳು 1971ರ ಯುದ್ಧವನ್ನು ನೆನೆಯುತ್ತವೆ. ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಪಾಕಿಸ್ತಾನಿ ಸೇನಾಪತಿ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕುತ್ತಿರುವ ಚಿತ್ರ ಮತ್ತೆ ಅಚ್ಚಾಗುತ್ತದೆ. ಪ್ರಾಣ ಕೊಟ್ಟ ಸೈನಿಕರಿಗೆ ಆ ಗೌರವ ಸಲ್ಲಲೇಬೇಕು. ಆದರೆ ಈ ಬರಹಗಳನ್ನಷ್ಟೇ ಓದಿ ಬೆಳೆದ ಕಿರಿಯರು, ಅಂದು ಸಂಜೆ ಸಹಿ ಬಿದ್ದೊಡನೆ, ಅದುವರೆಗೆ ಪೂರ್ವ ಪಾಕಿಸ್ತಾನವಾಗಿದ್ದ ಬಾಂಗ್ಲಾದೇಶವೆಂಬ ಹೊಸ ರಾಷ್ಟ್ರವನ್ನು ಜಗತ್ತೆಲ್ಲ ಒಪ್ಪಿಕೊಂಡಿತೆಂದೇ ತಿಳಿದುಕೊಳ್ಳುತ್ತಾರೆ. ಆ ದಿನದ ಮಟ್ಟಿಗೆ ಅದಕ್ಕೆ ಮಾನ್ಯತೆ ನೀಡಿದ್ದವು ಎರಡೇ ದೇಶಗಳು: ಭಾರತ ಮತ್ತು ಭೂತಾನ್. ವಿಶ್ವಸಂಸ್ಥೆಯ ಬಾಗಿಲು ತೆರೆಯಲು ಮುಂದೆ ಎರಡೂಮುಕ್ಕಾಲು ವರ್ಷ ಹಿಡಿಯಿತು. ಆ ಅವಧಿಯಲ್ಲಿ, ಅದಕ್ಕೂ ಮುನ್ನ ಯುದ್ಧ ಶುರುವಾಗುವ ಮೊದಲಿನ ಎಂಟು ತಿಂಗಳಲ್ಲಿ, ರಾಜತಾಂತ್ರಿಕರು ಪಟ್ಟ ಶ್ರಮದ ಬಗ್ಗೆ ಕನ್ನಡದ ಓದುಗರಿಗೆ ತೀರ ಕಡಿಮೆ ತಿಳಿದಿದೆ. ಆ ಕೊರತೆಯತ್ತ ತಮ್ಮ ಗಮನ ಸೆಳೆಯಲು ಈ ಪತ್ರ.

1971ರ ಏಪ್ರಿಲ್ 17ರಂದು ಮೆಹೆರ್‌ಪುರದ ಬೈದ್ಯನಾಥತಲಾ ಎಂಬ ಗಡಿಯಂಚಿನ ಹಳ್ಳಿಯ ಮಾವಿನ ತೋಪಿನಲ್ಲಿ ಸೈಯದ್ ನಜ್ರುಲ್ ಇಸ್ಲಾಂ ಹಂಗಾಮಿ ರಾಷ್ಟ್ರಪತಿಯಾಗಿ, ತಾಜುದ್ದೀನ್ ಅಹ್ಮದ್ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. 1970ರ ಚುನಾವಣೆಯಲ್ಲಿ ಬಹುಮತ ಪಡೆದ ಅವಾಮಿ ಲೀಗ್‌ನ ನಾಯಕ ಶೇಖ್ ಮುಜಿಬುರ್ ರಹಮಾನ್ ಪಾಕಿಸ್ತಾನದ ಸೆರೆಯಲ್ಲಿದ್ದರು. ಆ ಸರ್ಕಾರಕ್ಕೆ ಸಚಿವಾಲಯವಿರಲಿಲ್ಲ, ನೆಲದ ಮೇಲೆ ಭದ್ರ ಹಿಡಿತವಿರಲಿಲ್ಲ. ಆದರೂ ತಾಜುದ್ದೀನ್ ಅಂದೇ ಜಗತ್ತಿನ ದೇಶಗಳ ಮುಂದೆ ಮಾನ್ಯತೆಯ ಕೋರಿಕೆಯಿಟ್ಟರು. ಮರುದಿನವೇ ಕಲ್ಕತ್ತೆಯ ಪಾಕಿಸ್ತಾನಿ ಉಪ ಹೈಕಮಿಷನ್ ಕಚೇರಿಯಲ್ಲಿ ಉಪ ಹೈಕಮಿಷನರ್ ಹುಸೇನ್ ಅಲಿಯವರು ಸುಮಾರು 65 ಬಂಗಾಳಿ ಸಿಬ್ಬಂದಿಯೊಡನೆ ಹೊಸ ಸರ್ಕಾರಕ್ಕೆ ನಿಷ್ಠೆ ಘೋಷಿಸಿ, ಪಾಕಿಸ್ತಾನದ ಧ್ವಜವನ್ನು ಇಳಿಸಿ ಬಾಂಗ್ಲಾದ ಧ್ವಜವನ್ನು ಏರಿಸಿದರು. ಯಾವ ದೇಶವೂ ಮಾನ್ಯ ಮಾಡದ ರಾಷ್ಟ್ರವೊಂದಕ್ಕೆ ಹೀಗೆ ವಿದೇಶದಲ್ಲಿ ಮೊದಲ ಕಚೇರಿ ಸಿಕ್ಕಿತು. ಅದಕ್ಕೂ ಮೊದಲು, ಏಪ್ರಿಲ್ 6ರಂದು, ದೆಹಲಿಯ ಪಾಕಿಸ್ತಾನಿ ಹೈಕಮಿಷನ್ನಿನಿಂದ ಬಂಗಾಳಿ ಅಧಿಕಾರಿಗಳಾದ ಕೆ.ಎಂ. ಶಹಾಬುದ್ದೀನ್ ಮತ್ತು ಅಮ್ಜದುಲ್ ಹಕ್ ಹೊರಬಂದಿದ್ದರು. ಆಗಸ್ಟ್ 4ರಂದು ವಾಷಿಂಗ್ಟನ್ ಮತ್ತು ನ್ಯೂಯಾರ್ಕ್‌ಗಳಲ್ಲಿದ್ದ ಬಂಗಾಳಿ ಅಧಿಕಾರಿಗಳು ಒಟ್ಟಾಗಿ ಅದೇ ಹೆಜ್ಜೆಯಿಟ್ಟರು. ಸಂಬಳ, ಪಿಂಚಣಿ, ಪಾಸ್‌ಪೋರ್ಟ್, ಊರಿನಲ್ಲಿ ಸೈನ್ಯದ ಕೈಗೆ ಸಿಕ್ಕಬಹುದಾದ ಬಂಧುಬಳಗ, ಇಷ್ಟನ್ನೂ ಪಣಕ್ಕಿಟ್ಟು ತೆಗೆದುಕೊಂಡ ನಿರ್ಧಾರ ಅದು. ಗುಂಡು ಹಾರಿಸದವರ ಈ ಧೈರ್ಯಕ್ಕೆ ನಮ್ಮ ನೆನಪಿನಲ್ಲಿ ಸ್ಥಳವೇ ಇಲ್ಲದಿರುವುದು ನನಗೆ ಬಹಳ ನೋವಿನ ಸಂಗತಿ.

ಢಾಕಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ನ್ಯಾಯಮೂರ್ತಿ ಅಬು ಸಯೀದ್ ಚೌಧರಿಯವರು ಮಾರ್ಚ್‌ನಲ್ಲಿ ಮಾನವ ಹಕ್ಕುಗಳ ಆಯೋಗದ ಸಭೆಗೆಂದು ಜಿನೀವಾಕ್ಕೆ ಹೋಗಿದ್ದರು. ತಮ್ಮ ವಿದ್ಯಾರ್ಥಿಗಳ ಹತ್ಯೆಯ ಸುದ್ದಿ ತಿಳಿದು ಹುದ್ದೆ ತೊರೆದ ಅವರು, ಲಂಡನ್ನಿನಲ್ಲಿ ನೆಲೆಸಿ ಹೊಸ ಸರ್ಕಾರದ ವಿಶೇಷ ಪ್ರತಿನಿಧಿಯಾಗಿ ಯುರೋಪಿನ ರಾಜಧಾನಿಗಳನ್ನು ಸುತ್ತಿದರು. ಜುಲೈ 29ರಂದು ಹೊರಬಂದ ಎಂಟು ಅಂಚೆಚೀಟಿಗಳೂ ಈ ಪ್ರಯತ್ನದ ಭಾಗವೇ. ಲಂಡನ್ನಿನಲ್ಲಿದ್ದ ಬಂಗಾಳಿ ಕಲಾವಿದ ಬಿಮನ್ ಮಲ್ಲಿಕ್ ಅವುಗಳನ್ನು ರೂಪಿಸಿದರು. ಹಿಂದೆ ಬ್ರಿಟನ್ನಿನ ಅಂಚೆ ಇಲಾಖೆಯ ಸಚಿವರಾಗಿದ್ದ ಸಂಸದ ಜಾನ್ ಸ್ಟೋನ್‌ಹೌಸ್ ಅದಕ್ಕೆ ಬೆಂಬಲವಾಗಿ ನಿಂತರು. ಹತ್ತು ಪೈಸೆಯ ಚೀಟಿಯಲ್ಲಿ ದೇಶದ ನಕಾಶೆ, ಇಪ್ಪತ್ತು ಪೈಸೆಯದರಲ್ಲಿ ಢಾಕಾ ವಿಶ್ವವಿದ್ಯಾಲಯದ ಹತ್ಯಾಕಾಂಡ, ಎರಡು ರೂಪಾಯಿಯದರಲ್ಲಿ 1970ರ ಚುನಾವಣೆಯ ಫಲಿತಾಂಶ. ಒಂದು ರಾಷ್ಟ್ರ ತನ್ನ ಅಸ್ತಿತ್ವದ ವಾದವನ್ನೇ ಎಂಟು ತುಂಡು ಕಾಗದದ ಮೇಲೆ ಬರೆದು ಲೋಕದ ಮನೆಮನೆಗೆ ಕಳಿಸಿತ್ತು. ಚುನಾವಣೆಯ ಫಲಿತಾಂಶಕ್ಕೆ ಒಂದು ಚೀಟಿಯನ್ನು ಮೀಸಲಿಟ್ಟಿದ್ದಂತೂ ಬಹಳ ವಿವೇಕದ ಕೆಲಸ. ಏಕೆಂದರೆ ಇದು ಪ್ರತ್ಯೇಕತಾವಾದಿಗಳ ದಂಗೆ ಎಂಬ ಇಸ್ಲಾಮಾಬಾದಿನ ವಾದಕ್ಕೆ, ಬಹುಮತ ಪಡೆದ ಪಕ್ಷಕ್ಕೆ ಅಧಿಕಾರ ನಿರಾಕರಿಸಲಾಗಿದೆ ಎಂಬುದೇ ಅತ್ಯಂತ ಬಲವಾದ ಉತ್ತರವಾಗಿತ್ತು.

ಭಾರತ ಮಾನ್ಯತೆ ನೀಡಲು ಡಿಸೆಂಬರ್ 6ರವರೆಗೆ ಕಾದದ್ದು ಹಿಂಜರಿಕೆಯಿಂದ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಮಾರ್ಚ್ 31ರಂದೇ ನಮ್ಮ ಸಂಸತ್ತು ಪೂರ್ವ ಬಂಗಾಳದ ಜನರಿಗೆ ಬೆಂಬಲ ಸೂಚಿಸುವ ನಿರ್ಣಯ ಅಂಗೀಕರಿಸಿತ್ತು. ಜಯಪ್ರಕಾಶ್ ನಾರಾಯಣ್ ಅವರಂಥ ಹಿರಿಯರೂ ಜನಸಂಘದಂಥ ಪಕ್ಷಗಳೂ ಕೂಡಲೇ ಮಾನ್ಯತೆ ಕೊಡಬೇಕೆಂದು ಒತ್ತಾಯಿಸುತ್ತಿದ್ದರು. ಆದರೆ ತನ್ನ ನೆಲದ ಮೇಲೆ ಹಿಡಿತವಿಲ್ಲದ ಸರ್ಕಾರವನ್ನು ನೆರೆಯ ದೇಶವೊಂದು ಏಪ್ರಿಲ್‌ನಲ್ಲಿಯೇ ಮಾನ್ಯ ಮಾಡಿದ್ದರೆ, ಅದು ಇನ್ನೊಂದು ದೇಶವನ್ನು ಒಡೆಯುವ ಕೈವಾಡವೆಂದು ಲೋಕಕ್ಕೆ ತೋರಿಸಲು ಪಾಕಿಸ್ತಾನಕ್ಕೆ ಸುಲಭವಾಗುತ್ತಿತ್ತು. ಲಕ್ಷಗಟ್ಟಲೆ ನಿರಾಶ್ರಿತರ ಪ್ರಶ್ನೆ ಹಿಂದೆ ಸರಿದು ಭಾರತದ ಹಸ್ತಕ್ಷೇಪದ ಪ್ರಶ್ನೆ ಮುಂದೆ ಬರುತ್ತಿತ್ತು. ಆ ತಿಂಗಳುಗಳನ್ನು ಇಂದಿರಾ ಗಾಂಧಿಯವರ ಸರ್ಕಾರ ವ್ಯರ್ಥ ಮಾಡಲಿಲ್ಲ. ಜೂನ್‌ನಲ್ಲಿ ವಿದೇಶಾಂಗ ಸಚಿವ ಸ್ವರಣ್ ಸಿಂಗ್ ಮಾಸ್ಕೊದಿಂದ ವಾಷಿಂಗ್ಟನ್‌ವರೆಗೆ ಪ್ರವಾಸ ಮಾಡಿದರು, ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಯಿತು, ಅಕ್ಟೋಬರ್ ಕೊನೆಯಿಂದ ಸ್ವತಃ ಪ್ರಧಾನಿಯೇ ಪಶ್ಚಿಮದ ರಾಜಧಾನಿಗಳಿಗೆ ತೆರಳಿದರು. ಇಷ್ಟಾದರೂ ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಕದನವಿರಾಮ ಮತ್ತು ಸೇನಾ ವಾಪಸಾತಿಯ ನಿರ್ಣಯದ ಪರ 104 ದೇಶಗಳು ಮತ ಹಾಕಿದವು. ವಿರುದ್ಧ ನಿಂತವು 11 ಮಾತ್ರ. ಭದ್ರತಾ ಮಂಡಳಿಯಲ್ಲಿ ಸೋವಿಯತ್ ಒಕ್ಕೂಟದ ವೀಟೊ ಇಲ್ಲದಿದ್ದರೆ ಏನಾಗುತ್ತಿತ್ತೆಂದು ಈ ಅಂಕಿಗಳನ್ನು ನೋಡಿದಾಗ ಆತಂಕವಾಗುತ್ತದೆ.

1972ರ ಜನವರಿ 10ರಂದು ಮುಜಿಬ್ ಢಾಕಾಕ್ಕೆ ಮರಳಿದ ಮೇಲೆ ಮಾನ್ಯತೆಗಳು ಒಂದೊಂದಾಗಿ ಬಂದವು. ಮೊದಲು ಪೂರ್ವ ಯುರೋಪಿನ ದೇಶಗಳು, ನೆರೆಯ ಬರ್ಮಾ ಮತ್ತು ನೇಪಾಳ, ಜನವರಿ ಕೊನೆಯ ವೇಳೆಗೆ ಸೋವಿಯತ್ ಒಕ್ಕೂಟ, ಫೆಬ್ರವರಿ 4ರಂದು ಬ್ರಿಟನ್, ಅದೇ ತಿಂಗಳಲ್ಲಿ ಜಪಾನ್, ಫ್ರಾನ್ಸ್, ಮಲೇಷ್ಯಾ, ಇಂಡೋನೇಷ್ಯಾ. ಪಾಕಿಸ್ತಾನ ಸಿಟ್ಟಿನಿಂದ ಕಾಮನ್‌ವೆಲ್ತ್‌ನ್ನೇ ತೊರೆಯಿತು. ಭಾರತದ ಸೈನ್ಯ ಇರುವತನಕ ಇದು ಸ್ವತಂತ್ರ ದೇಶ ಹೇಗಾದೀತು ಎಂಬ ಆಕ್ಷೇಪ ಹಲವೆಡೆ ಇತ್ತು. ಮಾರ್ಚ್ ಮಧ್ಯದೊಳಗೆ ನಮ್ಮ ಸೈನ್ಯ ವಾಪಸಾಯಿತು, ಏಪ್ರಿಲ್ 4ರಂದು ಅಮೆರಿಕ ಮಾನ್ಯತೆ ನೀಡಿತು. ಗೆದ್ದ ಸೈನ್ಯವೊಂದು ಮೂರೇ ತಿಂಗಳಲ್ಲಿ ಹಿಂದಿರುಗಿದ್ದು ಹೊಸ ರಾಷ್ಟ್ರದ ಅಂತರರಾಷ್ಟ್ರೀಯ ಸ್ಥಾನಕ್ಕೆ ಭಾರತ ಕೊಟ್ಟ ದೊಡ್ಡ ನೆರವು ಎಂದು ನನ್ನ ಅಭಿಪ್ರಾಯ. ವಿಜಯೋತ್ಸವದ ಲೇಖನಗಳಲ್ಲಿ ಇದರ ಪ್ರಸ್ತಾಪ ಅಪರೂಪ.

ಅಲ್ಲಿಂದ ಮುಂದಿನ ಹಾದಿ ಕಠಿಣವಾಗಿತ್ತು. 1972ರ ಆಗಸ್ಟ್ 25ರಂದು ಬಾಂಗ್ಲಾದೇಶದ ವಿಶ್ವಸಂಸ್ಥೆ ಸದಸ್ಯತ್ವಕ್ಕೆ ಚೀನಾ ತಡೆಯೊಡ್ಡಿತು. ಹಿಂದಿನ ವರ್ಷವಷ್ಟೇ ಅಲ್ಲಿ ಸ್ಥಾನ ಪಡೆದಿದ್ದ ಚೀನಾ ಜನತಾ ಗಣರಾಜ್ಯ ಚಲಾಯಿಸಿದ ಮೊದಲ ವೀಟೊ ಅದು. ಮಾನ್ಯತೆ ಇಲ್ಲದಿರುವುದರ ಅರ್ಥ ಏನೆಂಬುದು 1973ರ ಆಗಸ್ಟ್ 28ರ ದೆಹಲಿ ಒಪ್ಪಂದದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಯುದ್ಧಕೈದಿಗಳು, ಪಾಕಿಸ್ತಾನದಲ್ಲಿ ಸಿಲುಕಿದ್ದ ಬಂಗಾಳಿಗಳು, ಬಾಂಗ್ಲಾದಲ್ಲಿ ಉಳಿದಿದ್ದ ಪಾಕಿಸ್ತಾನಿಗಳು, ಈ ಮೂರು ಗುಂಪುಗಳ ವಾಪಸಾತಿಯ ಕುರಿತಾದ ಆ ಒಪ್ಪಂದ ಬಾಂಗ್ಲಾದೇಶದ ಬದುಕಿಗೇ ಸಂಬಂಧಿಸಿದ್ದು. ಆದರೂ ಮಾತುಕತೆಯ ಮೇಜಿನ ಎರಡು ಬದಿಗಳಲ್ಲಿ ಕುಳಿತವರು ಭಾರತ ಮತ್ತು ಪಾಕಿಸ್ತಾನದ ಪ್ರತಿನಿಧಿಗಳು. ಸಮಾನ ರಾಷ್ಟ್ರವೆಂದು ಒಪ್ಪದ ಹೊರತು ಪಾಕಿಸ್ತಾನದೊಡನೆ ಕೂರುವುದಿಲ್ಲವೆಂದು ಢಾಕಾ ಪಟ್ಟು ಹಿಡಿದಿತ್ತು. ದೆಹಲಿ ಅದರ ಒಪ್ಪಿಗೆ ಪಡೆದು ಸಹಿ ಹಾಕಿತು. 1974ರ ಏಪ್ರಿಲ್ 9ರಂದು ಅದೇ ದೆಹಲಿಯಲ್ಲಿ ಬಾಂಗ್ಲಾದೇಶದ ಕಮಾಲ್ ಹುಸೇನ್, ಭಾರತದ ಸ್ವರಣ್ ಸಿಂಗ್ ಮತ್ತು ಪಾಕಿಸ್ತಾನದ ಅಜೀಜ್ ಅಹ್ಮದ್ ಮೂವರೂ ಸರಿಸಮವಾಗಿ ಕುಳಿತು ತ್ರಿಪಕ್ಷೀಯ ಒಪ್ಪಂದಕ್ಕೆ ಸಹಿ ಹಾಕಿದರು.

ಈ ಎರಡು ದಿನಾಂಕಗಳ ನಡುವೆ ಆದದ್ದು ಲಾಹೋರ್. ಮುಜಿಬ್ 1973ರ ಸೆಪ್ಟೆಂಬರ್‌ನಲ್ಲಿ ಅಲ್ಜೀರ್ಸ್‌ನ ಅಲಿಪ್ತ ಶೃಂಗಸಭೆಗೆ ಹೋಗಿ ಅರಬ್ ನಾಯಕರನ್ನು ಮುಖತಃ ಕಂಡಿದ್ದರು. ಅಕ್ಟೋಬರ್‌ನ ಅರಬ್–ಇಸ್ರೇಲ್ ಯುದ್ಧದ ಕಾಲದಲ್ಲಿ, ಕೈಯಲ್ಲಿ ಕಾಸಿಲ್ಲದ ಬಾಂಗ್ಲಾದೇಶ ಅರಬರಿಗೆ ವೈದ್ಯಕೀಯ ತಂಡವನ್ನೂ ಚಹಾವನ್ನೂ ಕಳಿಸಿತು. 1974ರ ಫೆಬ್ರವರಿಯಲ್ಲಿ ಲಾಹೋರಿನ ಇಸ್ಲಾಮಿಕ್ ಶೃಂಗಸಭೆಗೆ ಕರೆಯಲು ಸದಸ್ಯ ರಾಷ್ಟ್ರಗಳ ನಿಯೋಗವೇ ಢಾಕಾಕ್ಕೆ ಬಂದಾಗ, ಮಾನ್ಯತೆ ಸಿಗದೆ ಬರಲಾಗದೆಂದು ಮುಜಿಬ್ ಹೇಳಿದರು. ಫೆಬ್ರವರಿ 22ರಂದು ಪಾಕಿಸ್ತಾನದ ಪ್ರಧಾನಿ ಭುಟ್ಟೊ ಮಾನ್ಯತೆ ಘೋಷಿಸಿದರು. ಆದರೆ ಇದಕ್ಕೆ ತೆತ್ತ ಬೆಲೆಯನ್ನು ಮರೆಯಲಾಗದು. ಯುದ್ಧಾಪರಾಧಕ್ಕಾಗಿ ವಿಚಾರಣೆ ಎದುರಿಸಬೇಕಿದ್ದ 195 ಪಾಕಿಸ್ತಾನಿ ಸೈನಿಕ ಅಧಿಕಾರಿಗಳು ಏಪ್ರಿಲ್ ಒಪ್ಪಂದದ ಪ್ರಕಾರ ವಿಚಾರಣೆಯಿಲ್ಲದೆ ಮನೆಗೆ ಮರಳಿದರು. ಮಕ್ಕಳನ್ನು, ಗಂಡಂದಿರನ್ನು ಕಳೆದುಕೊಂಡ ಮನೆಗಳಿಗೆ ಇದನ್ನು ಹೇಗೆ ತಿಳಿಹೇಳಲಾದೀತು? ಹಸಿವಿನಿಂದ ಬಳಲುತ್ತಿದ್ದ, ನೆರವಿಗಾಗಿ ಎಲ್ಲ ಬಾಗಿಲುಗಳನ್ನೂ ತಟ್ಟಬೇಕಿದ್ದ ದೇಶಕ್ಕೆ ಬೇರೆ ದಾರಿ ಇತ್ತೆಂದು ನನಗೆ ಅನ್ನಿಸುವುದಿಲ್ಲ. ಹಾಗೆಂದು ಅದನ್ನು ನ್ಯಾಯವೆಂದು ಕರೆಯಲು ಮನಸ್ಸು ಒಪ್ಪುವುದೂ ಇಲ್ಲ.

1974ರ ಸೆಪ್ಟೆಂಬರ್ 17ರಂದು ಬಾಂಗ್ಲಾದೇಶ ವಿಶ್ವಸಂಸ್ಥೆಯ 136ನೆಯ ಸದಸ್ಯ ರಾಷ್ಟ್ರವಾಯಿತು. ಎಂಟು ದಿನಗಳ ನಂತರ ಮುಜಿಬ್ ಮಹಾಸಭೆಯಲ್ಲಿ ಬಂಗಾಳಿಯಲ್ಲಿ ಮಾತನಾಡಿದರು. ಸೌದಿ ಅರೇಬಿಯಾ ಮತ್ತು ಚೀನಾ ಮಾನ್ಯತೆ ನೀಡಿದ್ದು 1975ರ ಆಗಸ್ಟ್‌ನಲ್ಲಿ, ಮುಜಿಬ್ ಅವರ ಹತ್ಯೆಯಾದ ಮೇಲೆ.

ತಮ್ಮ ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ವರ್ಷದ ವಿಶೇಷ ಪುಟಗಳಲ್ಲಿ ರಣರಂಗದ ವರದಿಗಳ ಜೊತೆಗೆ ಹುಸೇನ್ ಅಲಿ, ಶಹಾಬುದ್ದೀನ್, ಅಬು ಸಯೀದ್ ಚೌಧರಿ, ಹಾಗೆಯೇ ಇಂದಿರಾ ಗಾಂಧಿಯವರ ಆಪ್ತ ಸಲಹೆಗಾರರಾಗಿದ್ದ ನಮ್ಮ ಪಿ.ಎನ್. ಹಕ್ಸರ್ ಮತ್ತು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಸಮರ್ ಸೆನ್ ಅವರ ಕೆಲಸದ ಬಗ್ಗೆಯೂ ಬರೆಸಬೇಕು. ನಮ್ಮ ವಿದೇಶಾಂಗ ಸಚಿವಾಲಯ ಆ ಕಾಲದಲ್ಲೇ ಪ್ರಕಟಿಸಿದ ದಾಖಲೆಗಳಿಂದ ಆಯ್ದ ಕೆಲವು ಪತ್ರಗಳನ್ನಾದರೂ, ಮುಖ್ಯವಾಗಿ 1971ರಲ್ಲಿ ತಾಜುದ್ದೀನ್ ಮತ್ತು ಇಂದಿರಾ ಗಾಂಧಿಯವರ ನಡುವೆ ನಡೆದ ಪತ್ರವ್ಯವಹಾರವನ್ನು, ಕನ್ನಡದಲ್ಲಿ ಪ್ರಕಟಿಸಿದರೆ ಕಾಲೇಜು ವಿದ್ಯಾರ್ಥಿಗಳಿಗೆ ಬಹಳ ಪ್ರಯೋಜನವಾದೀತು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ, ಧಾರವಾಡ