ಮಕ್ಕಳೊಂದಿಗೆ ಕಾಡಿನ ದಾರಿಯಲ್ಲಿ ಸಾಗುವವರಿಗಾಗಿ

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಪುಟ್ಟ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಶಿವಮೊಗ್ಗದಿಂದ ತೀರ್ಥಹಳ್ಳಿ, ಶೃಂಗೇರಿ, ಕೆರೆಕಟ್ಟೆ ಮಾರ್ಗವಾಗಿ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಹಾದು ಕಳಸದವರೆಗೆ ಹೋಗುವ ಕುಟುಂಬಗಳನ್ನು ಕಂಡರೆ ನನಗೆ ಸಂತೋಷವಾಗುತ್ತದೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ, ಸಿಂಗಳೀಕಗಳು ಬದುಕುವ ಈ ಶೋಲಾ ಕಾಡನ್ನು (ಹುಲ್ಲುಗಾವಲಿನ ಬೆಟ್ಟಗಳ ನಡುವಿನ ಕಣಿವೆಗಳಲ್ಲಿ ಬೆಳೆಯುವ ನಿತ್ಯಹಸಿರು ಕಾಡು) 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಮಕ್ಕಳಿಗೆ ಸ್ಥಳದಲ್ಲೇ ಹೇಳಬೇಕಾದ ಸಂಗತಿಗಳಿವು.

ಕಾಡಿನ ನಡುವೆ ವಾಹನ ನಿಲ್ಲಿಸಬಾರದೆಂಬ ನಿಯಮ ನ್ಯಾಯವಾದದ್ದೇ. ಆದರೆ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವ, ಹಠಾತ್ತನೆ ಶೌಚಕ್ಕೆ ಅವಸರಪಡುವ ಮಕ್ಕಳಿಗೆ ನಿಯಮ ತಿಳಿಯದು. ಆದ್ದರಿಂದ ಅರಣ್ಯ ಪ್ರವೇಶಿಸುವ ತಪಾಸಣಾ ಠಾಣೆಗಳ ಬಳಿಯೇ ಸ್ವಚ್ಛ ಶೌಚಾಲಯ, ಕುಡಿಯುವ ನೀರು, ಮಳೆಗೆ ಮರೆಯಾಗುವ ಒಂದು ತಂಗುದಾಣ ಹಾಗೂ ಮುಂದಿನ ನಿಲುಗಡೆ ಎಷ್ಟು ದೂರವೆಂದು ಕನ್ನಡದಲ್ಲಿ ತಿಳಿಸುವ ಫಲಕ ಇರಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ.

ಪೋಷಕರಲ್ಲೂ ಒಂದು ವಿನಂತಿಯಿದೆ. ಮಕ್ಕಳನ್ನು ನಗಿಸಲೆಂದು ಘಾಟಿಯಲ್ಲಿ ಮಂಗಗಳಿಗೆ ಚಿಪ್ಸ್ ಎಸೆಯಬೇಡಿ. ತಿಂಡಿಯ ಆಸೆಗೆ ರಸ್ತೆಗಿಳಿಯುವ ಅವು ವಾಹನಗಳಿಗೆ ಸಿಕ್ಕಿ ಸಾಯುತ್ತವೆ. ತೀರಾ ಚಿಕ್ಕವರಿದ್ದರೆ ದೀರ್ಘ ಸಫಾರಿಗಿಂತ, ಬೆಳಿಗ್ಗೆ ಶಿವಮೊಗ್ಗ ಬಳಿಯ ಸಕ್ರೆಬೈಲು ಆನೆ ಬಿಡಾರದಲ್ಲಿ ಆನೆಗಳ ಸ್ನಾನ ತೋರಿಸುವುದೇ ಮೇಲು. ಅಲ್ಲಿ ಮಾವುತರನ್ನು ಮಾತನಾಡಿಸಿದರೆ ಮಕ್ಕಳ ಪ್ರಶ್ನೆಗಳಿಗೆ ನಮಗಿಂತ ಚೆನ್ನಾಗಿ ಉತ್ತರಿಸುತ್ತಾರೆ.

– ಇಬ್ಬರು ಮಕ್ಕಳ ತಾಯಿ, ತೀರ್ಥಹಳ್ಳಿ