1,000 ಬರುತ್ತದೆ, ಹಾಗಾಗಿ 1,200 ಇಲ್ಲ

ಮಾನ್ಯ ಸಂಪಾದಕರೇ,

ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಪ್ರಾಯ 66. ಹನ್ನೆರಡನೇ ವರ್ಷದಿಂದ ಬೀಡಿ ಕಟ್ಟಿದವರು. ಬೆಳಗ್ಗೆ ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಕೂತರೆ, ಬೀಡಿ ಬ್ರ್ಯಾಂಚಿಗೆ ಲೆಕ್ಕ ಕೊಡಲು ಹೋಗುವಾಗಲೇ ಏಳುತ್ತಿದ್ದುದು. ಅವರಿಗೆ ತಿಂಗಳಿಗೆ 1,000 ರೂಪಾಯಿ ಪಿಎಫ್ ಪೆನ್ಶನ್ ಬರುತ್ತದೆ. 65 ತುಂಬಿದ ಮೇಲೆ, ರಾಜ್ಯ ಸರ್ಕಾರ ವಯಸ್ಸಾದವರಿಗೆ ಕೊಡುವ ಮಾಸಾಶನ ಸಂಧ್ಯಾ ಸುರಕ್ಷಾಕ್ಕೆ ಅರ್ಜಿ ಕೊಡೋಣ ಅಂದರು. ನಾನು ನಿವೃತ್ತ ಮೇಷ್ಟ್ರು, ಊರಿನವರ ಅರ್ಜಿ ಬರೆದುಕೊಡುವುದು ರೂಢಿ. ಜೊತೆಗೆ ಹೋದೆ.

ನಾಡಕಚೇರಿಯಲ್ಲಿ ಪಾಸ್‌ಬುಕ್ ತಿರುವುತ್ತಿದ್ದವರ ಪೆನ್ನು ಒಂದು ಸಾಲಿನಲ್ಲಿ ನಿಂತಿತು. ‘ಇದೆಂತ ಅಕ್ಕ, ಪೆನ್ಶನ್ ಬರ್ತಾ ಉಂಟಲ್ಲ?’ ಅಲ್ಲಿಗೆ ಅರ್ಜಿಯ ಕಥೆ ಮುಗಿಯಿತು. ಪಕ್ಕದಲ್ಲಿದ್ದವರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ‘ಆ ಪೆನ್ಶನ್ ಬಿಟ್ಟುಬಿಡಿ, ಇದರಲ್ಲಿ 200 ಜಾಸ್ತಿ ಸಿಗ್ತದೆ.’ ಅಕ್ಕ ಪಾಸ್‌ಬುಕ್ ವಾಪಸ್ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿದರು. ‘ಅದು ನಾನು ಬೀಡಿ ಕಟ್ಟಿದ್ದು’ ಅಂದರು. ಅಷ್ಟೇ.

ಕಚೇರಿಯವರನ್ನು ದೂರುವಂತಿಲ್ಲ. ನಿಯಮ ಇರುವುದೇ ಹಾಗೆ. 2007ರಲ್ಲಿ ತಿಂಗಳಿಗೆ 400 ರೂಪಾಯಿಯಿಂದ ಶುರುವಾದ ಸಂಧ್ಯಾ ಸುರಕ್ಷಾ ಈಗ 1,200ಕ್ಕೆ ಬಂದಿದೆ. 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಅಸಂಘಟಿತ ಕಾರ್ಮಿಕರಿಗೆಂದೇ ಮಾಡಿದ ಯೋಜನೆ. ಒಳ್ಳೆಯದೇ. ಆದರೆ ಸರ್ಕಾರಿಯಾಗಲಿ ಖಾಸಗಿಯಾಗಲಿ, ಬೇರೆ ಯಾವುದೇ ಪೆನ್ಶನ್ ಬರುತ್ತಿರಬಾರದು ಎಂಬ ಷರತ್ತು ಅದರಲ್ಲಿದೆ. ಎಷ್ಟು ಬರುತ್ತದೆ ಎಂದು ಯಾರೂ ಕೇಳುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಈ ಯೋಜನೆಗೆ ಆದಾಯದ ಮಿತಿ ಬೇರೆಯೇ ಇದೆ, ವರ್ಷಕ್ಕೆ 32,000. ತಿಂಗಳಿಗೆ 2,666 ಚಿಲ್ಲರೆ. ಅದಕ್ಕಿಂತ ಜಾಸ್ತಿ ಪೆನ್ಶನ್ ಇರುವವನು ಆ ಮಿತಿಯಲ್ಲೇ ಹೊರಗೆ ಬೀಳುತ್ತಾನೆ. ನನ್ನಂಥ ಸರ್ಕಾರಿ ಪೆನ್ಶನ್‌ದಾರನನ್ನು ತಡೆಯಲು ಇನ್ನೊಂದು ಷರತ್ತು ಬೇಡವೇ ಬೇಡ. ಹಾಗಾದರೆ ಈ ಪೆನ್ಶನ್ ಷರತ್ತಿಗೆ ಸಿಕ್ಕಿಬೀಳುವವರು ಯಾರು? 2,666ಕ್ಕಿಂತ ಕಡಿಮೆ ಬರುವವರು ಮಾತ್ರ. ಅಂದರೆ ಬಡವರೇ. ಇದನ್ನು ಬರೆದವರು ಹೀಗಾಗಲಿ ಎಂದು ಬರೆದಿರಲಿಕ್ಕಿಲ್ಲ. ಆದರೆ ಆಗುತ್ತಿರುವುದು ಇದೇ.

ಆ 1,000ದ ಕಥೆಯನ್ನೂ ಹೇಳಬೇಕು. ಪಿಎಫ್ ಪೆನ್ಶನ್ ಯೋಜನೆ ಬಂದದ್ದು 1995ರ ನವೆಂಬರಿನಲ್ಲಿ. ಕಂಪನಿ ಹಾಕುವ ಪಾಲಿನಲ್ಲಿ, ಸಂಬಳದ ನೂರಕ್ಕೆ 8.33ರಷ್ಟು ಇದಕ್ಕೆ ಹೋಗುತ್ತದೆ. ಸರಾಸರಿ ಸಂಬಳವನ್ನು ಸರ್ವಿಸಿನ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಪೆನ್ಶನ್. ಅಕ್ಕನ ಹೆಸರು ಪಿಎಫ್‌ಗೆ ಹತ್ತಿದ್ದೇ ತಡವಾಗಿ. ಲೆಕ್ಕಕ್ಕೆ ಸಿಕ್ಕಿದ್ದು 18 ವರ್ಷ. ಸರಾಸರಿ 3,500 ಅಂತ ಹಿಡಿದರೆ 900 ರೂಪಾಯಿ. ಕನಿಷ್ಠ 1,000 ಕೊಡಬೇಕು ಎಂದು 2014ರ ಸೆಪ್ಟೆಂಬರಿನಿಂದ ನಿಯಮ ಇರುವುದರಿಂದ ಅದು 1,000 ಆಯಿತು. ಕನಿಷ್ಠ 3,000 ಕೊಡಿ ಎಂದು ಸಂಸತ್ತಿನ ಕೋಶ್ಯಾರಿ ಸಮಿತಿ 2013ರಲ್ಲೇ ಹೇಳಿತ್ತು. ನನ್ನ ಪೆನ್ಶನ್‌ಗೆ ತುಟ್ಟಿಭತ್ಯೆ ಏರುತ್ತಾ ಇರುತ್ತದೆ. ಅಕ್ಕನದ್ದಕ್ಕೆ ತುಟ್ಟಿಭತ್ಯೆಯೇ ಇಲ್ಲ. ಅಕ್ಕಿ, ತೆಂಗಿನಕಾಯಿ ಮಾತ್ರ ಇಬ್ಬರಿಗೂ ಒಂದೇ ರೇಟು.

ಅವರಿಗೆ ಪಿಎಫ್ ಗಂಟೂ ಸಿಕ್ಕಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಸಿಕ್ಕಿತ್ತು. ಮಗಳ ಮದುವೆಗೆ ಹೋಯಿತು.

ಬೇರೆ ಯೋಜನೆಗಳಲ್ಲಿ ಇಷ್ಟು ಬಿಗಿ ಇಲ್ಲ. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.20 ಲಕ್ಷದ ಮಿತಿ. ಈ ಪೆನ್ಶನ್ ಅದರೊಳಗೆ ಸೇರುವ ಒಂದು ಆದಾಯ ಅಷ್ಟೇ. ಗೃಹಲಕ್ಷ್ಮಿಗೆ ನೋಡುವುದು ಹೆಂಡತಿಯೋ ಗಂಡನೋ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುತ್ತಾರಾ ಎಂದು. ಆ 2,000 ಅಕ್ಕನ ಹೆಸರಿಗೇ ಬರುತ್ತದೆ, ಯಾರೂ ಪೆನ್ಶನ್ ಮಾತೆತ್ತಿಲ್ಲ. ಇಂಗ್ಲೆಂಡಿನಲ್ಲಿ 2003ರಿಂದ ಪೆನ್ಶನ್ ಕ್ರೆಡಿಟ್ ಎಂಬುದಿದೆ. ಖಾಸಗಿ ಪೆನ್ಶನನ್ನು ಅವರೂ ಆದಾಯ ಎಂದೇ ಹಿಡಿಯುತ್ತಾರೆ. ಆದರೆ ಅವರು ಇಟ್ಟ ಮಟ್ಟಕ್ಕೆ ಎಷ್ಟು ಕಡಿಮೆ ಬಿದ್ದಿದೆಯೋ ಅಷ್ಟನ್ನು ತುಂಬಿಕೊಡುತ್ತಾರೆ. ಆ ಲೆಕ್ಕದಲ್ಲಿ ನೋಡಿದರೂ ನಮ್ಮ ಅಕ್ಕನಿಗೆ 200 ರೂಪಾಯಿಯಾದರೂ ಬರಬೇಕಿತ್ತು ಅಲ್ವಾ?

ನಾನು ಕೇಳುವುದು ದೊಡ್ಡದೇನಲ್ಲ. ಆ ಪೆನ್ಶನ್ ಷರತ್ತು ತೆಗೆಯಿರಿ. ಬರುವ ಪೆನ್ಶನನ್ನು ಆದಾಯಕ್ಕೆ ಸೇರಿಸಿ ನೋಡಿ, 32,000 ದಾಟಿದರೆ ಬೇಡ ಅನ್ನಿ. ಅಕ್ಕನ ಪೆನ್ಶನ್ ವರ್ಷಕ್ಕೆ 12,000. ಅದೂ ಆಗದಿದ್ದರೆ, 1,200ಕ್ಕಿಂತ ಕಡಿಮೆ ಬರುವವರಿಗೆ ವ್ಯತ್ಯಾಸವನ್ನಾದರೂ ಕೊಡಿ.

ಇದು ಬೀಡಿಯವರಿಗೆ ಮಾತ್ರ ಸೇರಿದ ಮಾತಲ್ಲ. 2015ರಲ್ಲಿ ಅಟಲ್ ಪೆನ್ಶನ್ ಯೋಜನೆ ಬಂತು. 18ರಿಂದ 40ರೊಳಗೆ ಸೇರಿ ತಿಂಗಳಿಗಿಷ್ಟು ಕಟ್ಟಿದರೆ, 60ರ ಮೇಲೆ 1,000ದಿಂದ 5,000ದವರೆಗೆ ಪೆನ್ಶನ್. ಹೆಚ್ಚಿನವರು ಸೇರಿರುವುದು 1,000ದ್ದಕ್ಕೇ. ಅಂದು 40ರಲ್ಲಿ ಸೇರಿದವರಿಗೆ 2035ರಲ್ಲಿ ಹಣ ಬರಲು ಶುರುವಾಗುತ್ತದೆ, 2040ರಲ್ಲಿ 65 ತುಂಬುತ್ತದೆ. ನಿಯಮ ಹೀಗೇ ಇದ್ದರೆ ಅವರ ಪಾಸ್‌ಬುಕ್ಕಿನಲ್ಲೂ ಪೆನ್ನು ನಿಲ್ಲುತ್ತದೆ. ಫಾರ್ಮಿಗೆ ಸಹಿ ಹಾಕಿಸುವಾಗ ಇದನ್ನು ಹೇಳಿದವರನ್ನು ನಾನಂತೂ ಕಂಡಿಲ್ಲ.

ಅಕ್ಕನ ಸೊಸೆಯೂ ಅದರಲ್ಲಿ ಇದ್ದಾಳೆ. ಸಂಘದ ಮೀಟಿಂಗಿನಲ್ಲಿ ಬ್ಯಾಂಕಿನವರು ಹೇಳಿದ್ದು ಕೇಳಿ 30ನೇ ವರ್ಷದಲ್ಲಿ ಸೇರಿದ್ದು. ತಿಂಗಳಿಗೆ 116 ರೂಪಾಯಿ ಖಾತೆಯಿಂದ ತಾನಾಗಿ ಕಡಿತ. ಅತ್ತೆಯ ಅರ್ಜಿ ವಾಪಸ್ ಬಂದ ದಿನ ಸಂಜೆ ನಮ್ಮ ಜಗಲಿಗೆ ಬಂದು ಕೇಳಿದಳು: ‘ಮೇಷ್ಟ್ರೇ, ಇದನ್ನು ಸುಮ್ನೆ ಕಟ್ಟುವುದಾ, ನಿಲ್ಲಿಸುವುದಾ?’

ಕಟ್ಟು ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ, ಪುಣ್ಯ.

ಇತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಶಿಕ್ಷಕ, ದಕ್ಷಿಣ ಕನ್ನಡ