ಯುದ್ಧದ ಖರ್ಚಿನ ಲೆಕ್ಕಕ್ಕೆ ಜೊತೆಯಾದವರಿಗೆ

ಕುಂದಾಪುರದ ನಮ್ಮ ತಿಂಗಳ ಮಾತುಕತೆಗೆ ಹತ್ತು ವರ್ಷ ತುಂಬಿದೆ. ಪ್ರತಿ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ಬಂದು, ಒಂದೇ ವಿಷಯವನ್ನು ಹಿಡಿದು, ದೀಪ ಹಚ್ಚುವ ಹೊತ್ತಿನವರೆಗೆ ಮಾತಾಡುವ ಈ ಕೂಟದ ಹೊಣೆಯನ್ನು ಈ ತಿಂಗಳು ಕಿರಿಯರಿಗೆ ಒಪ್ಪಿಸುತ್ತಿದ್ದೇನೆ. ಒಪ್ಪಿಸುವ ಮೊದಲು ಸಲ್ಲಿಸಬೇಕಾದ ಕೃತಜ್ಞತೆ ಬಹಳ ಇದೆ. ಸಭೆಯಲ್ಲಿ ಎದ್ದು ನಿಂತು ಹೇಳಹೊರಟರೆ ಅರ್ಧಕ್ಕೇ ಗಂಟಲು ಕಟ್ಟೀತೆಂದು ಬರೆದು ಹೇಳುತ್ತಿದ್ದೇನೆ.

ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ ನನಗೆ ಸಿಗುತ್ತಿದ್ದುದು ಒಂದು ಗಂಟೆಯೂ ತುಂಬದ ಅವಧಿ. ಅಷ್ಟರಲ್ಲಿ ಕಾರಣ, ಪರಿಣಾಮ, ಪರಿಹಾರ ಎಂದು ಮೂರು ಶೀರ್ಷಿಕೆಗಳನ್ನು ಹಲಗೆಯ ಮೇಲೆ ಬರೆದು ಮುಗಿಸಬೇಕಾಗಿತ್ತು. ನಿವೃತ್ತಿಯ ನಂತರ ಈ ಕೂಟ ನನಗೆ ಕೊಟ್ಟ ಮೊದಲ ಉಡುಗೊರೆಯೆಂದರೆ ಹೊತ್ತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು, ಕೊನೆಯಲ್ಲಿ ಯಾವ ತೀರ್ಮಾನವನ್ನೂ ಓದಬಾರದು ಎಂಬ ಎರಡೇ ನಿಯಮಗಳನ್ನು ಇಷ್ಟು ವರ್ಷ ಎಲ್ಲರೂ ಪಾಲಿಸಿಕೊಂಡು ಬಂದಿರಿ. ರಾಜಕೀಯವಾಗಿ ಒಬ್ಬರ ಮುಖ ಇನ್ನೊಬ್ಬರು ನೋಡದಂಥ ಚುನಾವಣೆಯ ತಿಂಗಳುಗಳಲ್ಲಿಯೂ ಪಾಲಿಸಿದಿರಿ. ಅದಕ್ಕಾಗಿ ಮೊದಲ ವಂದನೆ.

ನಾವು ಎಷ್ಟೋ ವಿಷಯಗಳನ್ನು ಮಾತಾಡಿದ್ದೇವೆ: ಬಂಗಾಳದ 1943ರ ಬರಗಾಲ, ಶ್ರೀಲಂಕಾದ ದಿವಾಳಿ, ನಮ್ಮದೇ ಜಿಲ್ಲೆಗಳ ಮನೆಮನೆಯನ್ನೂ ಮುಟ್ಟಿದ 1974ರ ಭೂಸುಧಾರಣೆ. ಆದರೆ ಈ ಬರಹದಲ್ಲಿ ಒಂದೇ ಮಾತುಕತೆಯ ಬಗ್ಗೆ ವಿಸ್ತಾರವಾಗಿ ಹೇಳಲು ಅಪ್ಪಣೆ ಕೇಳುತ್ತೇನೆ. ಒಂದು ಭಾನುವಾರಕ್ಕೆಂದು ಶುರುವಾಗಿ ಇಡೀ ಮಳೆಗಾಲವನ್ನು ತೆಗೆದುಕೊಂಡ ಆ ಮಾತುಕತೆಗೆ ನಾನು ಎಲ್ಲಕ್ಕಿಂತ ಹೆಚ್ಚು ಋಣಿ.

ವಿಷಯ 1991ರ ವಿದೇಶಿ ವಿನಿಮಯದ ಬಿಕ್ಕಟ್ಟು. ನಾನು ಎಂದಿನಂತೆ ಪೀಠಿಕೆ ಹಾಕಿದೆ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಹೊಕ್ಕಿತು; ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ಎರಡು ಪಟ್ಟಾಯಿತು; ಕೊಲ್ಲಿಯಿಂದ ಬರುತ್ತಿದ್ದ ದುಡಿಮೆಯ ಹಣಕ್ಕೆ ಪೆಟ್ಟು ಬಿತ್ತು; ಅನಿವಾಸಿಗಳು ಠೇವಣಿಗಳನ್ನು ಹಿಂದೆಗೆದುಕೊಂಡರು. ಮೊದಲೇ ಸಾಲದಲ್ಲಿದ್ದ ದೇಶದ ಕೈಯಲ್ಲಿ ಕೆಲವು ವಾರಗಳ ಆಮದಿಗೆ ಸಾಲುವಷ್ಟು ಡಾಲರ್ ಮಾತ್ರ ಉಳಿಯಿತು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಅಡವಿಟ್ಟು 40 ಕೋಟಿ ಡಾಲರಿನಷ್ಟು ಸಾಲ ತಂದಿತು. ಅದೇ ತಿಂಗಳು ರೂಪಾಯಿಯ ಅಪಮೌಲ್ಯವಾಯಿತು, ಜುಲೈ 24ರಂದು ಮನಮೋಹನ ಸಿಂಗರ ಬಜೆಟ್ ಬಂದಿತು. ಇಷ್ಟು ಹೇಳಿ ಕುಳಿತೆ.

ಆಗ ನಮ್ಮ ಬ್ಯಾಂಕಿನ ಹಿರಿಯರು ಮಾತಿಗೆ ತೊಡಗಿದರು. ಮನೆಮನೆಗೆ ಹೋಗಿ ಪಿಗ್ಮಿ ಹಣ, ಅಂದರೆ ದಿನದಿನದ ಸಣ್ಣ ಉಳಿತಾಯ, ಸಂಗ್ರಹಿಸುತ್ತ ಕೆಲಸಕ್ಕೆ ಸೇರಿ ಶಾಖೆಯ ವ್ಯವಸ್ಥಾಪಕರಾಗಿ ನಿವೃತ್ತರಾದ ಅವರು ಆ ಆಗಸ್ಟ್ ತಿಂಗಳಲ್ಲಿ ತಮ್ಮ ಶಾಖೆಯ ಕೌಂಟರಿನಲ್ಲಿದ್ದರು. ಮಳೆಯಲ್ಲಿ ನೆನೆದುಕೊಂಡು ಬಂದ ತಾಯಂದಿರು ಪಾಸ್ ಪುಸ್ತಕ ಮುಂದಿಟ್ಟು, ಈ ತಿಂಗಳ ಡ್ರಾಫ್ಟ್ ಬಂತೇ ಎಂದು ಕೇಳುತ್ತಿದ್ದರು. ಬಾರದು ಎಂದು ಹೇಳಲು ತಮಗೆ ನಾಲಿಗೆ ಏಳುತ್ತಿರಲಿಲ್ಲ, ನಾಳೆ ನೋಡುವ ಎನ್ನುತ್ತಿದ್ದೆ ಎಂದರು. ಊರಿನಲ್ಲಿ ಕಟ್ಟುತ್ತಿದ್ದ ಮನೆಗಳ ಕೆಲಸ ನಿಂತಿತ್ತು. ಮುರಕಲ್ಲಿನ ಗೋಡೆಗಳು ಲಿಂಟಲ್ ಮಟ್ಟದವರೆಗೆ ಎದ್ದು, ಅವುಗಳ ಮೇಲೆ ಮಡಲು ಹೊದಿಸಿ ಕಲ್ಲು ಹೇರಿಟ್ಟಿದ್ದನ್ನು ಅವರು ವರ್ಣಿಸಿದಾಗ ನಮ್ಮಲ್ಲಿ ಹಲವರಿಗೆ ಅಂಥ ಒಂದಾದರೂ ಮನೆ ನೆನಪಾಯಿತು.

ಅವರ ಮಾತು ಮುಗಿದ ಮೇಲೆ, ಅಲ್ಲಿಯವರೆಗೆ ಹಿಂದಿನ ಸಾಲಿನಲ್ಲಿ ಕುಳಿತು ಕೇಳುವುದಷ್ಟೇ ತಮ್ಮ ಪಾಲು ಎಂದುಕೊಂಡಿದ್ದ ಒಬ್ಬ ಅಕ್ಕ ಕೈಚೀಲದಿಂದ ಒಂದು ನೋಟನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಹಳೆಯ ಕುವೈತಿ ದಿನಾರ್. ಯುದ್ಧಕ್ಕೆ ಮೊದಲು ಅದಕ್ಕೆ ನಮ್ಮ ಅರುವತ್ತು ರೂಪಾಯಿಯಷ್ಟು ಬೆಲೆಯಿತ್ತು. ಕುವೈತನ್ನು ತನ್ನೊಳಗೆ ಸೇರಿಸಿಕೊಂಡ ಇರಾಕ್ ಮೊದಲು ಅದನ್ನು ಇರಾಕಿ ದಿನಾರಿಗೆ ಸರಿಸಮವೆಂದು ಘೋಷಿಸಿತು. ಪೇಟೆಯಲ್ಲಿ ಇರಾಕಿ ದಿನಾರಿಗೆ ಅದರ ಒಂದು ಸಣ್ಣ ಪಾಲಿನಷ್ಟೂ ಬೆಲೆಯಿರಲಿಲ್ಲ. ಆಮೇಲೆ ಕುವೈತಿ ದಿನಾರನ್ನೇ ರದ್ದು ಮಾಡಿತು. ಅಕ್ಕ ಮತ್ತು ಅವರ ಗಂಡ ಹಲವು ವರ್ಷ ದುಡಿದು ಕೂಡಿಟ್ಟದ್ದು ಹೀಗೆ ಕಾಗದವಾಯಿತು. ಅವರು ಕೈಗೂಸನ್ನು ಎತ್ತಿಕೊಂಡು ಬಸ್ಸಿನಲ್ಲಿ ಇರಾಕನ್ನು ದಾಟಿ, ಜೋರ್ಡಾನಿನ ಗಡಿಯ ಮರಳಿನಲ್ಲಿ ಡೇರೆ ಹಾಕಿದ್ದ ಶಿಬಿರದಲ್ಲಿ ದಿನ ನೂಕಿ, ಅಮ್ಮಾನಿನಿಂದ ವಿಮಾನ ಹತ್ತಿ ಮುಂಬಯಿಗೆ ಇಳಿದವರು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹಾಗೆ ವಿಮಾನದಲ್ಲಿ ಬಂದ ಭಾರತೀಯರ ಸಂಖ್ಯೆ 1.7 ಲಕ್ಷ ಮೀರುತ್ತದೆ. ಆ ಸಂಖ್ಯೆಯನ್ನು ನಾನು ಹಲಗೆಯ ಮೇಲೆ ಬರೆದದ್ದುಂಟು. ಶಿಬಿರದಲ್ಲಿ ಕುಡಿಯುವ ನೀರಿಗೆ ಸಾಲು ನಿಲ್ಲುವಾಗ ಮಗುವನ್ನು ಯಾರ ಕೈಯಲ್ಲಿ ಕೊಡುವುದೆಂದು ತಿಳಿಯದೆ ಎರಡು ಸಲ ಸಾಲು ಬಿಟ್ಟು ಬಂದೆ ಎಂದು ಆ ಅಕ್ಕ ಹೇಳಿದ ಮೇಲೆ, ಆ ಸಂಖ್ಯೆಯನ್ನು ಹೇಳುವಾಗ ನನ್ನ ದನಿ ತಾನಾಗಿ ತಗ್ಗುತ್ತದೆ.

ಅಷ್ಟಕ್ಕೇ ನಿಂತಿದ್ದರೆ ಅದು ನೆನಪಿನ ಮಾತಾಗುತ್ತಿತ್ತು. ಮುಂದಿನ ತಿಂಗಳು ಅವರು ಒಂದು ಪ್ರಶ್ನೆಯನ್ನು ಹೊತ್ತು ತಂದರು. ತೊಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ವಿಶ್ವಸಂಸ್ಥೆಯಿಂದ ಪರಿಹಾರದ ಹಣ ಬಂದಿತ್ತು. ಅದರಿಂದಲೇ ಮನೆಗೆ ಹಂಚು ಹೊದಿಸಿದರು. “ಆ ದುಡ್ಡು ಯಾರದ್ದು ಮಾಸ್ಟ್ರೇ?” ಎಂದು ಕೇಳಿದರು. ಇಷ್ಟು ವರ್ಷ ಪಾಠ ಹೇಳಿದ ನನ್ನನ್ನು ಅಷ್ಟು ನೇರವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ಉತ್ತರವನ್ನು ಒಟ್ಟುಗೂಡಿಸಿದವರು ನೀವೆಲ್ಲ. ನಮ್ಮ ವಕೀಲರು ಜಿನೀವಾದ ಪರಿಹಾರ ಆಯೋಗದ ಕಾಗದಪತ್ರಗಳನ್ನು ಓದಿಕೊಂಡು ಬಂದು ವಿವರಿಸಿದರು. 1991ರಲ್ಲಿ ಭದ್ರತಾ ಮಂಡಳಿ ಸ್ಥಾಪಿಸಿದ ಆ ಆಯೋಗ ಕಂಪನಿಗಳ ಮತ್ತು ಸರ್ಕಾರಗಳ ದೊಡ್ಡ ಬೇಡಿಕೆಗಳನ್ನು ಹಿಂದಿಟ್ಟು, ದೇಶ ಬಿಟ್ಟು ಓಡಬೇಕಾಗಿ ಬಂದ ಸಾಮಾನ್ಯ ಜನರ ಸಣ್ಣ ಅರ್ಜಿಗಳಿಗೆ ಮೊದಲು ಹಣ ಕೊಟ್ಟಿತು. ಒಬ್ಬೊಬ್ಬರಿಗೆ ಇಂತಿಷ್ಟು, ಕುಟುಂಬಕ್ಕೆ ಇಂತಿಷ್ಟು ಎಂದು ನಿಗದಿ ಮಾಡಿ, ಪ್ರತಿಯೊಂದು ಪಾತ್ರೆ ಪಡಗಕ್ಕೂ ರಸೀದಿ ಕೇಳದೆ ಕೊಟ್ಟಿತು. ಯುದ್ಧಗಳ ಚರಿತ್ರೆಯಲ್ಲಿ ಬಡವನ ಅರ್ಜಿ ಮೇಲಕ್ಕೆ ಬಂದ ಉದಾಹರಣೆ ಅಪರೂಪ ಎಂದು ಅವರು ಹೇಳಿದ್ದು ನನ್ನ ಟಿಪ್ಪಣಿಯಲ್ಲಿದೆ. ಸುಮಾರು 15 ಲಕ್ಷ ಅರ್ಜಿದಾರರಿಗೆ ಒಟ್ಟು 5,240 ಕೋಟಿ ಡಾಲರ್ ಸಂದು, ಕೊನೆಯ ಕಂತು ಪಾವತಿಯಾದದ್ದು 2022ರಲ್ಲಿ.

ಹಣ ಬಂದದ್ದು ಇರಾಕಿನ ತೈಲದಿಂದ. ಆ ದೇಶದ ಮೇಲೆ 1990ರ ಆಗಸ್ಟ್‌ನಿಂದಲೇ ಆರ್ಥಿಕ ದಿಗ್ಬಂಧನವಿತ್ತು. ಆಹಾರ ಮತ್ತು ಔಷಧಿಗಾಗಿ ತೈಲ ಮಾರಲು 1996ರ ಕೊನೆಯಲ್ಲಿ ಅವಕಾಶವಾದಾಗ, ಮಾರಾಟದ ಶೇ. 30ರಷ್ಟು ಪಾಲು ಮೊದಲು ಪರಿಹಾರದ ನಿಧಿಗೆ ಹೋಗಬೇಕಾಗಿತ್ತು. 2000ದ ಕೊನೆಯಲ್ಲಿ ಅದು ಶೇ. 25ಕ್ಕೆ ಇಳಿಯಿತು, 2003ರಲ್ಲಿ ಶೇ. 5ಕ್ಕೆ. ಗಂಗೊಳ್ಳಿಯಿಂದ ಬರುವ ನಮ್ಮ ಹಿರಿಯ ಸಾಹೇಬರು ಎಂಬತ್ತರ ದಶಕದಲ್ಲಿ ಬಸ್ರಾದಲ್ಲಿ ಕಟ್ಟಡದ ಕೆಲಸ ಮಾಡಿದವರು. ದಿಗ್ಬಂಧನದ ವರ್ಷಗಳಲ್ಲಿ ತಮ್ಮ ಹಳೆಯ ಮೇಸ್ತ್ರಿ ಯಾರದೋ ಕೈಯಲ್ಲಿ ಕಳಿಸಿದ ಪತ್ರದ ಬಗ್ಗೆ ಅವರು ಹೇಳಿದರು. ಹೆಂಡತಿಗೆ ಸಕ್ಕರೆ ಕಾಯಿಲೆಯ ಔಷಧಿ ಸಿಗುತ್ತಿಲ್ಲ, ಅಲ್ಲಿಂದ ಕಳಿಸಲು ದಾರಿಯಿದೆಯೇ ಎಂದು ಕೇಳಿದ ಪತ್ರ. ದಾರಿಯಿರಲಿಲ್ಲ. ಅಕ್ಕನ ಮನೆಯ ಹಂಚಿಗೂ ಬಸ್ರಾದ ಆ ಮನೆಯ ಔಷಧಿಗೂ ಒಂದೇ ತೈಲದಿಂದ ಹಣ ಬರಬೇಕಿತ್ತು ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಒಟ್ಟಿಗೇ ಹೊಳೆದಂತಿತ್ತು. ಯಾರೂ ಯಾರನ್ನೂ ಸಮಾಧಾನಪಡಿಸಲು ಹೋಗಲಿಲ್ಲ. ಆ ಸಂಯಮಕ್ಕಾಗಿ ನಿಮಗೆ ನಾನು ಕೈಮುಗಿಯುತ್ತೇನೆ.

ಆಮೇಲೆ ಬಂದ ವಾದಗಳೂ ಹುರುಳುಳ್ಳವು. ದಾಳಿ ಮಾಡಿದ ದೇಶ ತೆರಲೇಬೇಕು, ತೆರದಿದ್ದರೆ ನಾಳೆ ಇನ್ನೊಂದು ದೇಶ ದಾಳಿಗೆ ಅಂಜುವುದಿಲ್ಲ ಎಂದು ಒಬ್ಬರು ಹಿಡಿದ ಪಟ್ಟು ಬಿಡಲಿಲ್ಲ. ನನಗೆ ಈಗಲೂ ಆ ಮಾತು ಬಲವಾದದ್ದೆಂದೇ ಅನ್ನಿಸುತ್ತದೆ. ಅದಕ್ಕೆ ಎದುರಾಗಿ ನಾನು ಮೊದಲ ಮಹಾಯುದ್ಧ ಮುಗಿದ ಮೇಲಿನ 1919ರ ಪ್ಯಾರಿಸ್ಸನ್ನು ತಂದೆ. ಬ್ರಿಟನ್ನಿನ ಖಜಾನೆಯ ಪ್ರತಿನಿಧಿಯಾಗಿ ಶಾಂತಿ ಸಮ್ಮೇಳನಕ್ಕೆ ಹೋಗಿದ್ದ ಅರ್ಥಶಾಸ್ತ್ರಜ್ಞ ಕೇನ್ಸ್, ಜರ್ಮನಿ ತೆರಲಾಗದಷ್ಟನ್ನು ಅದರ ಮೇಲೆ ಹೇರಲಾಗುತ್ತಿದೆ ಎಂದು ಆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು ಬಂದರು. 1921ರಲ್ಲಿ ನಿಗದಿಯಾದ ಮೊತ್ತ 13,200 ಕೋಟಿ ಚಿನ್ನದ ಮಾರ್ಕ್, ಅಂದರೆ ಚಿನ್ನದ ಬೆಲೆಯಲ್ಲಿ ಲೆಕ್ಕ ಹಾಕಿದ ಜರ್ಮನ್ ಹಣ. ಕಂತು ತಪ್ಪಿದಾಗ 1923ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ಜರ್ಮನಿಯ ಕೈಗಾರಿಕೆಗಳ ನೆಲೆಯಾದ ರೂರ್ ಪ್ರದೇಶವನ್ನು ಆಕ್ರಮಿಸಿದವು. ಕೆಲಸ ನಿಲ್ಲಿಸಿ ಪ್ರತಿಭಟಿಸಿದ ಕಾರ್ಮಿಕರನ್ನು ಪೋಷಿಸಲು ಜರ್ಮನ್ ಸರ್ಕಾರ ನೋಟು ಅಚ್ಚು ಹಾಕುತ್ತ ಹೋಯಿತು. ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಕಾಗದದ ಮಾರ್ಕ್ ಆಗಿತ್ತು. ಯುದ್ಧ ಸಾರಿದವರು ಸಾಮ್ರಾಟರೂ ಸೇನಾನಿಗಳೂ. ಉಳಿತಾಯ ಕರಗಿಹೋದದ್ದು ಪಿಂಚಣಿದಾರರದು ಮತ್ತು ವಿಧವೆಯರದು. ಇದನ್ನು ಕೇಳಿ ಅಕ್ಕ ತಮ್ಮ ದಿನಾರ್ ನೋಟನ್ನು ಮತ್ತೊಮ್ಮೆ ಕೈಗೆತ್ತಿಕೊಂಡು, ಹಾಗಾದರೆ ಅವರಿಗೂ ಹೀಗೇ ಆಯಿತು ಎಂದರು. ನನ್ನ ಮಟ್ಟಿಗೆ ಅರ್ಥಶಾಸ್ತ್ರ ಕಲಿತದ್ದು ಸಾರ್ಥಕವಾದ ಗಳಿಗೆ ಅದು.

ಆ ಮಳೆಗಾಲದ ಮಾತುಕತೆ ಮುಂದಿನ ವರ್ಷಗಳಿಗೂ ದಾರಿ ತೋರಿಸಿತು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರಷ್ಯಾ ದಾಳಿ ಮಾಡಿದ್ದ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಸುದ್ದಿ ಬಂದ ತಿಂಗಳು, ಸೂರ್ಯಕಾಂತಿ ಎಣ್ಣೆಯ ಬೆಲೆಯಿಂದ ಮಾತು ಆರಂಭಿಸಲು ನಿಮಗೆ ಯಾರಿಗೂ ಮನಸ್ಸಾಗಲಿಲ್ಲ. ಮೊದಲ ಒಂದು ಗಂಟೆ ಆ ಮನೆಯವರ ಬಗ್ಗೆ, ಸಾಲ ಮಾಡಿ ಮಕ್ಕಳನ್ನು ಅಷ್ಟು ದೂರಕ್ಕೆ ಓದಲು ಕಳಿಸುವ ನಮ್ಮ ಊರುಗಳ ಬಗ್ಗೆ ಮಾತಾಡಿದಿರಿ. ಎಣ್ಣೆ, ಗೊಬ್ಬರ, ದೋಣಿಗಳ ಡೀಸೆಲ್ ಆಮೇಲೆ ಬಂದವು, ಬರಬೇಕಾದ ಕ್ರಮದಲ್ಲಿಯೇ ಬಂದವು. ಪಾಶ್ಚಾತ್ಯ ದೇಶಗಳು ತಡೆಹಿಡಿದಿರುವ ರಷ್ಯಾದ ಸುಮಾರು 30,000 ಕೋಟಿ ಡಾಲರ್ ಆಸ್ತಿಯ ಲಾಭವನ್ನು ಆಧಾರವಾಗಿಟ್ಟು ಉಕ್ರೇನಿಗೆ 5,000 ಕೋಟಿ ಡಾಲರ್ ಸಾಲ ಕೊಡಲು ಜಿ7 ದೇಶಗಳು 2024ರ ಜೂನ್‌ನಲ್ಲಿ ಒಪ್ಪಿದಾಗ, ಆ ದುಡ್ಡು ಯಾರದ್ದು ಎಂಬ ಅಕ್ಕನ ಪ್ರಶ್ನೆಯನ್ನು ನಮ್ಮ ಕೂಟದ ಅತ್ಯಂತ ಕಿರಿಯ ಹುಡುಗ ಎತ್ತಿದ. ಅವನಿಗೆ ಆ ಪ್ರಶ್ನೆ ಮೊದಲು ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ. ಅಕ್ಕ ನಕ್ಕು ಸುಮ್ಮನಾದರು.

ಇನ್ನು ಹೆಸರು ಹೇಳದೆ ನೆನೆಯಬೇಕಾದವರು. ಬಾಡಿಗೆ ಕೇಳದೆ ಮಹಡಿಯ ಕೋಣೆಯನ್ನು ಬಿಟ್ಟುಕೊಟ್ಟ ಮನೆಯವರಿಗೆ, ನಾಲ್ಕು ಗಂಟೆಗೆ ತಪ್ಪದೆ ಗೋಳಿಬಜೆ ಮತ್ತು ಚಹಾ ಕಳಿಸಿದ ಹೋಟೆಲಿನವರಿಗೆ, ಲಾಕ್‌ಡೌನಿನ ತಿಂಗಳುಗಳಲ್ಲಿ ಫೋನಿನಲ್ಲಿ ಎಲ್ಲರನ್ನೂ ಒಂದೇ ಕರೆಗೆ ಕೂಡಿಸಿ ಕೂಟವನ್ನು ಬಿಡದೆ ನಡೆಸಿದ ಇಬ್ಬರು ತಂಗಿಯರಿಗೆ ನಾನು ಋಣಿ. ಆ ಕಾಲದಲ್ಲಿಯೇ ನಾವು ಬ್ಯಾಂಕಿನ ಹಿರಿಯರನ್ನು ಕಳೆದುಕೊಂಡೆವು. ಕೊನೆಯ ಕರೆಯಲ್ಲಿ ಅವರು ತಾವು ದುಡಿದ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾದ ಬಗ್ಗೆ ಮಾತಾಡಿದ್ದರು. ಹೆಸರು ಹೋದ ನೋವಿಗಿಂತ, ಪಿಗ್ಮಿ ಕಟ್ಟುತ್ತಿದ್ದ ಮುದುಕಿಯರ ಮನೆಬಾಗಿಲಿಗೆ ಇನ್ನು ಯಾರು ಹೋಗುತ್ತಾರೆಂಬ ಚಿಂತೆ ಅವರಿಗೆ ಹೆಚ್ಚಿತ್ತು. ಅವರ ಮನೆಯವರು ಅವರ ಡೈರಿಗಳನ್ನು ನಮ್ಮ ಕೂಟಕ್ಕೆ ಕೊಟ್ಟಿದ್ದಾರೆ. ಅದಕ್ಕಿಂತ ದೊಡ್ಡ ಕೊಡುಗೆ ನಮಗೆ ಬಂದಿಲ್ಲ.

ಕಳೆದ ವರ್ಷ ನಾನು ಕಾಯಿಲೆ ಬಿದ್ದು ಹಲವು ತಿಂಗಳು ಮೆಟ್ಟಿಲು ಹತ್ತಲಾಗದೆ ಇದ್ದಾಗ, ನೀವು ಸರದಿಯ ಮೇಲೆ ಮನೆಗೆ ಬಂದು ಆಯಾ ತಿಂಗಳ ಮಾತನ್ನು ನನಗೆ ಹೇಳಿಹೋದಿರಿ. ಒಂದೇ ಸಭೆಯನ್ನು ಮೂವರು ಮೂರು ಬಗೆಯಾಗಿ ಹೇಳುತ್ತಿದ್ದಿರಿ. ಮೂರನ್ನೂ ಕೇಳುವ ಆಸೆಯೇ ನನ್ನನ್ನು ಬೇಗ ಎಬ್ಬಿಸಿ ಕೂರಿಸಿತೆಂದು ನನ್ನ ಹೆಂಡತಿ ಹೇಳುತ್ತಾಳೆ. ಆಕೆಯ ಮಾತು ನಿಜ. ಹತ್ತು ವರ್ಷ ತಿಂಗಳಿಗೊಂದು ಭಾನುವಾರವನ್ನು ನನಗೆ ಬಿಟ್ಟುಕೊಟ್ಟದ್ದಕ್ಕೆ ಆಕೆಗೂ ಇಲ್ಲಿಯೇ ವಂದನೆ ಹೇಳುತ್ತೇನೆ.

ಹೊಸ ಸಂಚಾಲಕಿಗೆ ಟಿಪ್ಪಣಿ ಪುಸ್ತಕಗಳನ್ನೂ ಆ ಡೈರಿಗಳನ್ನೂ ಒಪ್ಪಿಸಿದ್ದೇನೆ. ಮುಂದಿನ ತಿಂಗಳಿಗೆ ಅವರು ಆರಿಸಿಕೊಂಡಿರುವುದು 1960ರ ಸಿಂಧೂ ನದಿ ನೀರಿನ ಒಪ್ಪಂದ. 1965 ಮತ್ತು 1971ರ ಯುದ್ಧಗಳಲ್ಲಿಯೂ ಮುರಿಯದೆ ಉಳಿದು, 2025ರ ಏಪ್ರಿಲ್‌ನಲ್ಲಿ ಭಾರತ ತಡೆಹಿಡಿದ ಒಪ್ಪಂದ. ನೀರಾವರಿ ಇಲಾಖೆಯಿಂದ ನಿವೃತ್ತರಾದ ನಮ್ಮ ಎಂಜಿನಿಯರರು ಪೀಠಿಕೆ ಹಾಕಲು ಒಪ್ಪಿದ್ದಾರೆ, ಅವರಿಗೂ ಮುಂಗಡವಾಗಿ ಕೃತಜ್ಞತೆ. ಎರಡನೆಯ ಭಾನುವಾರ, ಎಂದಿನ ಕೋಣೆ, ಮಧ್ಯಾಹ್ನ ಎರಡೂವರೆಗೆ.